ಡೀಸೆಲ್ ಪಿಕಪ್‌ಗೆ ಸೀಮೆಎಣ್ಣೆ ಹಾಕಿದರೆ ಮೈಲೇಜ್ ಹೆಚ್ಚುತ್ತಾ? ಗ್ರೂಪ್‌ಗಳಲ್ಲಿ ಓಡಾಡುವ ಸಲಹೆಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಉಳ್ಳಾಗಡ್ಡಿ ಹಂಗಾಮು ಶುರುವಾಯಿತೆಂದರೆ ರೋಣ, ನರಗುಂದ, ಗಜೇಂದ್ರಗಡದ ರಸ್ತೆಗಳಲ್ಲಿ ಪಿಕಪ್‌ಗಳದ್ದೇ ಸಾಲು. ಅದರ ಜೊತೆಗೆ ಡ್ರೈವರ್‌ಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಫಾರ್ವರ್ಡ್‌ಗಳ ಸಾಲೂ ಶುರು. ಟ್ಯಾಂಕ್ ತುಂಬಿಸುವಾಗ ಎರಡು ಲೀಟರ್ ಸೀಮೆಎಣ್ಣೆ ಬೆರೆಸಿ, ಮೈಲೇಜ್ ಹೆಚ್ಚುತ್ತದೆ. ಟು-ಟಿ ಆಯಿಲ್ ಹಾಕಿ, ಇಂಜೆಕ್ಟರ್ ಬಾಳಿಕೆ ಬರುತ್ತದೆ. ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಬೇಡಿ, ಸ್ಫೋಟವಾಗುತ್ತದೆ. ಗಾಡಿ ನಿಂತರೆ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಏರ್ ತೆಗೆಯಿರಿ. ಕೊನೆಗೆ 'ಎಲ್ಲ ಡ್ರೈವರ್ ಅಣ್ಣಂದಿರಿಗೂ ಕಳಿಸಿ' ಎಂಬ ಮನವಿ.

ಈ ಪಟ್ಟಿಯಲ್ಲಿ ಕೆಲವು ಬರೀ ಸುಳ್ಳು. ಕೆಲವು ಒಂದು ಕಾಲಕ್ಕೆ ನಿಜವಾಗಿದ್ದವು. ಒಂದಂತೂ ಕೈಯನ್ನೇ ಕಳೆಯಬಲ್ಲದು. ಯಾವುದು ಯಾವುದು ಎಂದು ಬಿಡಿಸಿ ನೋಡೋಣ.

ರಸ್ತೆ ಬದಿಯಲ್ಲಿ ನಡೆದದ್ದು

ನನ್ನ ಸೋದರಮಾವನ ಬಿಎಸ್-6 ಪಿಕಪ್ ಉಳ್ಳಾಗಡ್ಡಿ ಹೇರಿಕೊಂಡು ಗದಗದ ಕಡೆ ಹೊರಟಿದ್ದಾಗ ದಾರಿಯಲ್ಲಿ ಕೆಮ್ಮಿ ನಿಂತಿತು. ಪಕ್ಕದಲ್ಲಿ ನಿಂತ ಒಬ್ಬರು ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದರು. ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ, ಇನ್ನೊಬ್ಬರು ಸೆಲ್ಫ್ ಹೊಡೆದರೆ ಏರ್ ಹೊರಗೆ ಹೋಗುತ್ತದೆ ಎಂಬ ಸಲಹೆ ಅದು. ಮಾವನ ಮಗ ಸ್ಪ್ಯಾನರ್ ಹಿಡಿದು ಬಗ್ಗಿದ್ದ. ಅಷ್ಟರಲ್ಲಿ ಗಾಡಿ ನಿಲ್ಲಿಸಿ ಇಳಿದ ಇನ್ನೊಬ್ಬ ಡ್ರೈವರ್, 'ಇದು ಕಾಮನ್ ರೇಲ್ ಐತಿ, ಕೈ ಹಾಕಬ್ಯಾಡ' ಎಂದು ಗದರಿದರು. ಅವರೇ ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿದಾಗ ಅರ್ಧ ಲೋಟದಷ್ಟು ನೀರು ಇಳಿಯಿತು. ಹೊಲದ ಮನೆಯಲ್ಲಿ ಡ್ರಮ್ಮಿನಲ್ಲಿಟ್ಟಿದ್ದ ಡೀಸೆಲ್ ಹಾಕಿದ್ದೇ ಕಾರಣ. ಡ್ರಮ್ಮಿನ ಮುಚ್ಚಳ ಸಡಿಲವಿತ್ತು, ಮಳೆ ನೀರು ಸೇರಿತ್ತು.

ಆ ವಿಡಿಯೋ ಮಾಡಿದವರು ಸುಳ್ಳು ಹೇಳಿರಲಿಲ್ಲ. ಹಳೆಯ ಎಂಜಿನ್‌ಗೆ ಅದು ಸರಿಯಾದ ವಿಧಾನವೇ. ಆದರೆ ಅದು ಯಾವ ಎಂಜಿನ್‌ಗೆ ಎಂಬುದು ಫಾರ್ವರ್ಡ್ ಆಗುತ್ತಾ ಆಗುತ್ತಾ ಕಳೆದುಹೋಗಿತ್ತು. ಡೀಸೆಲ್ ಗಾಡಿಗಳ ಬಗ್ಗೆ ಬರುವ ಬಹುತೇಕ ಸಂದೇಶಗಳ ಕಥೆ ಇದೇ.

ಹಳೇ ಡೀಸೆಲ್ ಎಂಜಿನ್, ಹೊಸ ಡೀಸೆಲ್ ಎಂಜಿನ್: ವ್ಯತ್ಯಾಸವೇನು?

ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನಂತೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಅದು ವಿಪರೀತ ಬಿಸಿಯಾಗುತ್ತದೆ. ಆ ಬಿಸಿ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹೊಲದಲ್ಲಿ ಔಷಧ ಹೊಡೆಯುವ ಪಂಪ್ ನೆನಪಿಸಿಕೊಳ್ಳಿ. ನಾಜಲ್ ಸರಿ ಇದ್ದರೆ ಹನಿ ಸಣ್ಣದಾಗಿ ಎಲ್ಲ ಕಡೆ ಬೀಳುತ್ತದೆ, ಕಸ ಕಟ್ಟಿದರೆ ಒಂದೇ ಕಡೆ ಧಾರೆಯಾಗಿ ಸುರಿಯುತ್ತದೆ. ಇಂಜೆಕ್ಟರ್ ಮಾಡುವುದೂ ಇದೇ ಕೆಲಸ.

ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲು ಫಿಲ್ಟರ್‌ಗೆ ಬರುತ್ತದೆ. ಅಲ್ಲಿ ಕಸವೂ ನೀರೂ ಬೇರೆಯಾಗುತ್ತವೆ. ನಂತರ ಹೈ ಪ್ರೆಶರ್ ಪಂಪ್, ಅಲ್ಲಿಂದ ಇಂಜೆಕ್ಟರ್. ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್.

ಹಳೆಯ ಮೆಕಾನಿಕಲ್ ಪಂಪಿನ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಬಾಯಿ ತೆರೆಯುವುದು ಸಾಮಾನ್ಯವಾಗಿ 120ರಿಂದ 250 ಬಾರ್ ಒತ್ತಡದಲ್ಲಿ. ಕಾಮನ್ ರೇಲ್ ಎಂಜಿನ್‌ಗಳಲ್ಲಿ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಗಟ್ಟಿ ಕೊಳವೆಯಿಂದ ಡೀಸೆಲ್ ಹೋಗುತ್ತದೆ. ಅದರಲ್ಲಿ ಒತ್ತಡ 1,600 ಬಾರ್ ಆಸುಪಾಸು, ಕೆಲವು ಎಂಜಿನ್‌ಗಳಲ್ಲಿ 2,000 ಬಾರ್‌ವರೆಗೆ. 1,600 ಬಾರ್ ಎಂದರೆ ಸುಮಾರು 23,000 ಪಿಎಸ್‌ಐ. ಕಾರಿನ ಟೈರಿಗೆ ನಾವು ಹಿಡಿಸುವ ಗಾಳಿ 35 ಪಿಎಸ್‌ಐ ಒಳಗೆ. ಆರುನೂರು ಪಟ್ಟಿಗೂ ಹೆಚ್ಚು!

ಇಷ್ಟು ಒತ್ತಡ ತಡೆಯಲು ಒಳಗಿನ ಭಾಗಗಳು ಅಷ್ಟೇ ಬಿಗಿಯಾಗಿರಬೇಕು. ಇಂಜೆಕ್ಟರಿನ ಒಳಗೆ ಜಾರುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎರೆ ಹೊಲದ ದಾರಿಯಲ್ಲಿ ಏಳುವ ದೂಳಿನ ಸಣ್ಣ ಕಣವೂ ಅಲ್ಲಿ ಕಲ್ಲಿದ್ದಂತೆ. ಇನ್ನೊಂದು ಮುಖ್ಯ ಸಂಗತಿ: ಈ ಪಂಪಿಗೂ ಇಂಜೆಕ್ಟರಿಗೂ ಬೇರೆ ಗ್ರೀಸ್, ಆಯಿಲ್ ಸಾಮಾನ್ಯವಾಗಿ ಇರುವುದಿಲ್ಲ. ಹರಿಯುವ ಡೀಸೆಲ್ಲೇ ಅವಕ್ಕೆ ಎಣ್ಣೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನೇ ಸಿಗುತ್ತದೆ.

ಸಂದೇಶ 1: ಸೀಮೆಎಣ್ಣೆ ಬೆರೆಸಿದರೆ ಮೈಲೇಜ್ ಹೆಚ್ಚುತ್ತದೆ

ನಿಜಾಂಶ: ಸುಳ್ಳು. ಒಂದು ಲೀಟರ್ ಸೀಮೆಎಣ್ಣೆಯಲ್ಲಿರುವ ಶಕ್ತಿ ಒಂದು ಲೀಟರ್ ಡೀಸೆಲ್‌ಗಿಂತ ಸ್ವಲ್ಪ ಕಡಿಮೆಯೇ. ಕಡಿಮೆ ಶಕ್ತಿಯ ಎಣ್ಣೆ ಬೆರೆಸಿ ಹೆಚ್ಚು ದೂರ ಓಡಲು ಸಾಧ್ಯವಿಲ್ಲ. 'ನನಗೆ ಬಂದಿದೆ' ಎನ್ನುವವರು ಸಾಮಾನ್ಯವಾಗಿ ಒಂದು ಟ್ಯಾಂಕಿನ ಲೆಕ್ಕ ಹಿಡಿದು ಹೇಳುತ್ತಾರೆ. ಹೋಗುವಾಗ ಲೋಡ್ ಇತ್ತೇ, ಬರುವಾಗ ಖಾಲಿ ಬಂದಿರಾ, ಎದುರುಗಾಳಿ ಇತ್ತೇ ಎಂಬುದರ ಮೇಲೆ ಪಿಕಪ್‌ನ ಮೈಲೇಜ್ ಎರಡು ಮೂರು ಕಿ.ಮೀ. ಹೆಚ್ಚು ಕಡಿಮೆ ಆಗುತ್ತದೆ. ನಮ್ಮ ಭಾಗದ ಬಯಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ!

ಸೀಮೆಎಣ್ಣೆ ಡೀಸೆಲ್‌ಗಿಂತ ತೆಳು, ಜಾರಿಕೆ ಕಡಿಮೆ. ಡೀಸೆಲ್ಲೇ ಎಣ್ಣೆಯಾಗಿ ಕೆಲಸ ಮಾಡುವ ಪಂಪಿಗೆ ಅದನ್ನು ಕುಡಿಸಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಉದುರಿದ ಲೋಹದ ಪುಡಿ ಕೊಳವೆ, ಇಂಜೆಕ್ಟರ್ ಎಲ್ಲ ಕಡೆ ಸೇರುತ್ತದೆ. ಆಗ ಪಂಪ್ ಒಂದನ್ನೇ ಬದಲಿಸಿದರೆ ಸಾಲದು, ಇಡೀ ವ್ಯವಸ್ಥೆ ತೊಳೆಯಬೇಕು. ಹಳೆಯ ದಪ್ಪ ಪಂಪುಗಳು ಈ ಕಲಬೆರಕೆಯನ್ನು ಸ್ವಲ್ಪ ಕಾಲ ತಡೆದುಕೊಂಡವು, ಅಷ್ಟೇ.

ಕಾನೂನೂ ಇದೆ. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸುವುದೇ ಗುರುತು ಸಿಗಲೆಂದು. ಅಡುಗೆ ಮತ್ತು ದೀಪ ಬಿಟ್ಟು ಬೇರೆಯದಕ್ಕೆ ಅದನ್ನು ಬಳಸುವುದನ್ನು 1993ರ ಸೀಮೆಎಣ್ಣೆ ಆದೇಶ ನಿರ್ಬಂಧಿಸುತ್ತದೆ. ಪೆಟ್ರೋಲ್, ಡೀಸೆಲ್ ಕಲಬೆರಕೆಯ ವಿರುದ್ಧ ಅಗತ್ಯ ವಸ್ತುಗಳ ಕಾಯ್ದೆಯಡಿ 2005ರ ಪ್ರತ್ಯೇಕ ಆದೇಶವಿದೆ.

ಈ ದಂಧೆ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಒಂದು ಹೆಸರು ಸಾಕು: ಮಂಜುನಾಥ್ ಷಣ್ಮುಗಂ. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಲಕ್ನೋ ಐಐಎಂನಲ್ಲಿ ಓದಿ ಇಂಡಿಯನ್ ಆಯಿಲ್ ಸೇರಿದ ಹುಡುಗ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕ್ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ನಮ್ಮ ಟ್ಯಾಂಕಿಗೆ ಶುದ್ಧ ಡೀಸೆಲ್ ಬೀಳಲೆಂದು ಒಬ್ಬ ಕನ್ನಡ ನಾಡಿನ ಹುಡುಗ ಪ್ರಾಣ ಕೊಟ್ಟ ದೇಶದಲ್ಲಿ, ನಾವೇ ಕೈಯಾರೆ ಕಲಬೆರಕೆ ಮಾಡಿಕೊಳ್ಳುವ ಸಂದೇಶ ಹಂಚುತ್ತಿದ್ದೇವೆ.

ಸಂದೇಶ 2: ಟು-ಟಿ ಆಯಿಲ್ ಹಾಕಿದರೆ ಇಂಜೆಕ್ಟರ್ ಬಾಳಿಕೆ ಬರುತ್ತದೆ

ನಿಜಾಂಶ: ಅರ್ಧ ಸತ್ಯದಿಂದ ಹುಟ್ಟಿದ ತಪ್ಪು ಸಲಹೆ. ಬಿಎಸ್-3 ಕಾಲದ ಡೀಸೆಲಿನಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಗಂಧಕ ಇರಬಹುದಿತ್ತು. 2017ರಲ್ಲಿ ದೇಶಾದ್ಯಂತ ಬಂದ ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6ರಲ್ಲಿ ಬರೀ 10. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸಹಜ ಜಾರಿಕೆಯೂ ಕಡಿಮೆಯಾಗುತ್ತದೆ. ಇಷ್ಟು ನಿಜ.

ಸಂದೇಶ ಹೇಳದಿರುವ ಭಾಗ ಮುಂದಿನದು. ಹೀಗೆ ಕಳೆದ ಜಾರಿಕೆಯನ್ನು ತೈಲ ಕಂಪನಿಗಳು ಬೇರೆ ವಸ್ತು ಸೇರಿಸಿ ಮರಳಿ ತುಂಬುತ್ತವೆ. ಭಾರತೀಯ ಮಾನಕದಲ್ಲಿ ಇದಕ್ಕೆ ಪರೀಕ್ಷೆಯೇ ಇದೆ. ಡೀಸೆಲಿನಲ್ಲಿ ಮುಳುಗಿಸಿದ ಉಕ್ಕಿನ ಗುಂಡನ್ನು ಉಜ್ಜಿದಾಗ ಅದರ ಮೇಲೆ ಬೀಳುವ ಸವೆತದ ಗುರುತು 460 ಮೈಕ್ರಾನ್ ದಾಟಬಾರದು. ಬಂಕಿನ ಡೀಸೆಲ್ ಈ ಪರೀಕ್ಷೆ ಪಾಸಾಗಿ ಬಂದದ್ದೇ.

ಟು-ಟಿ ಆಯಿಲ್ ಮಾಡಿರುವುದು ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗೆ. ಅದು ಉರಿದಾಗ ಬೂದಿ ಉಳಿಯುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಬಿಎಸ್-6 ಗಾಡಿಗಳಲ್ಲಿ ಮಸಿ ಸುಟ್ಟು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಅದು ಅಲ್ಲೇ ಕೂತು ಫಿಲ್ಟರ್ ಕಟ್ಟಿಸುತ್ತದೆ. ವಾರಂಟಿ ಇದ್ದರೆ ಅದಕ್ಕೂ ತೊಡಕು.

ಸಂದೇಶ 3: ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿದರೆ ಸ್ಫೋಟ

ನಿಜಾಂಶ: ಸುಳ್ಳು. ಪ್ರತಿ ಬೇಸಿಗೆಯಲ್ಲೂ ಇಂಡಿಯನ್ ಆಯಿಲ್ ಹೆಸರು ಹೊತ್ತು ಬರುವ ಈ ಸಂದೇಶವನ್ನು ಆ ಸಂಸ್ಥೆಯೇ ಅಲ್ಲಗಳೆದಿದೆ. ಲೆಕ್ಕ ಹಾಕಿ ನೋಡಿ. ಡೀಸೆಲ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 0.08ರಷ್ಟು ಹಿಗ್ಗುತ್ತದೆ. 60 ಲೀಟರಿನ ಟ್ಯಾಂಕ್ 28 ಡಿಗ್ರಿಯಿಂದ 43 ಡಿಗ್ರಿಗೆ ಬಿಸಿಯಾದರೂ ಹಿಗ್ಗುವುದು ಮುಕ್ಕಾಲು ಲೀಟರ್. ಕಂಪನಿ ಹೇಳಿದ ಅಳತೆಯ ಮೇಲೂ ಟ್ಯಾಂಕಿನಲ್ಲಿ ಜಾಗ ಬಿಟ್ಟಿರುತ್ತಾರೆ. ಬಂಕಿನ ನಾಜಲ್ ತಾನೇ ಕಟ್ ಆದ ಮೇಲೆ ಮತ್ತೆ ಒತ್ತಿ ಒತ್ತಿ ಕತ್ತಿನವರೆಗೆ ತುಂಬಿಸಬೇಡಿ, ಅಷ್ಟೇ ಎಚ್ಚರಿಕೆ ಸಾಕು.

ಡೀಸೆಲ್ ಬಿಸಿಲಿಗೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಲ್ಲ. ಕಿಡಿ ಇಲ್ಲದೆ ಅದು ಉರಿಯಬೇಕಾದರೆ 200 ಡಿಗ್ರಿಗೂ ಹೆಚ್ಚು ಬಿಸಿಯಾಗಬೇಕು.

ಸಂದೇಶ 4: ರಾತ್ರಿ ಟ್ಯಾಂಕ್ ಖಾಲಿ ಬಿಟ್ಟರೆ ಒಳಗೆ ನೀರು ತುಂಬುತ್ತದೆ

ನಿಜಾಂಶ: ಸ್ವಲ್ಪ ನಿಜ, ಹೆಚ್ಚು ಉತ್ಪ್ರೇಕ್ಷೆ. ಟ್ಯಾಂಕಿನ ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿ ತಣಿದು ಹನಿಯಾಗುತ್ತದೆ. ಆದರೆ ಎಷ್ಟು? 30 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರು ಸುಮಾರು 30 ಗ್ರಾಂ. 60 ಲೀಟರ್ ಖಾಲಿ ಜಾಗದಲ್ಲಿ ಎರಡು ಗ್ರಾಂ ಒಳಗೆ. ಅದರಲ್ಲೂ ಎಲ್ಲವೂ ಹನಿಯಾಗುವುದಿಲ್ಲ. ದಿನಾ ಬಾಡಿಗೆ ಓಡುವ ಗಾಡಿಗೆ ಇದು ಲೆಕ್ಕಕ್ಕಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ತುಂಬಿಸಿ ಇಡುವುದು ಒಳ್ಳೆಯದು.

ನೀರಿನ ನಿಜವಾದ ದಾರಿಗಳು ಬೇರೆ: ಡ್ರಮ್, ಕ್ಯಾನ್‌ಗಳಲ್ಲಿ ಇಟ್ಟ ಡೀಸೆಲ್, ರಬ್ಬರ್ ಒಡೆದ ಟ್ಯಾಂಕ್ ಮುಚ್ಚಳ, ಮತ್ತು ಹೊಳೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಭಾಗದ ಊರುಗಳು ಮುಳುಗಿದ್ದು ಯಾರಿಗೂ ಮರೆತಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ನೀರು ಇಳಿದ ಕೂಡಲೇ ಸ್ಟಾರ್ಟ್ ಮಾಡಬಾರದು. ಮೊದಲು ಟ್ಯಾಂಕ್, ಫಿಲ್ಟರ್, ಏರ್ ಫಿಲ್ಟರ್, ಎಂಜಿನ್ ಆಯಿಲ್ ನಾಲ್ಕನ್ನೂ ನೋಡಿಸಬೇಕು.

ಸಂದೇಶ 5: ಬೆಳಗಿನ ಜಾವ ಡೀಸೆಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆ

ನಿಜಾಂಶ: ಲೆಕ್ಕಕ್ಕೆ ಬರುವಷ್ಟು ಇಲ್ಲ. ಬಂಕಿನ ಟ್ಯಾಂಕ್ ನೆಲದೊಳಗೆ ಇರುವುದರಿಂದ ಅಲ್ಲಿನ ಉಷ್ಣತೆ ಬೆಳಗ್ಗೆ ಮಧ್ಯಾಹ್ನ ಹೆಚ್ಚು ಬದಲಾಗುವುದಿಲ್ಲ. ಮೂರು ಡಿಗ್ರಿ ವ್ಯತ್ಯಾಸ ಇದೆ ಎಂದೇ ಇಟ್ಟುಕೊಂಡರೂ 40 ಲೀಟರಿಗೆ ಸಿಗುವ ಲಾಭ ಸುಮಾರು 100 ಎಂಎಲ್. ಲೀಟರಿಗೆ 90 ರೂಪಾಯಿ ಹಿಡಿದರೆ 9 ರೂಪಾಯಿ.

ಅದಕ್ಕಿಂತ ನಿಮಗಿರುವ ಹಕ್ಕು ಬಳಸಿ. ಅಳತೆ ಬಗ್ಗೆ ಅನುಮಾನ ಬಂದರೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರ್ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಬಹುದು. ಗುಣಮಟ್ಟದ ಬಗ್ಗೆ ಅನುಮಾನವಿದ್ದರೆ ಸಾಂದ್ರತೆ ಅಳೆದು ತೋರಿಸಲು ಕೇಳಬಹುದು. 15 ಡಿಗ್ರಿಗೆ ಹೊಂದಿಸಿ ನೋಡಿದಾಗ ಅದು ಲೋಡ್ ಬಂದಾಗ ಬರೆದುಕೊಂಡ ಅಂಕಿಗಿಂತ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ಆಚೀಚೆ ಇರಬಾರದು. ಫಿಲ್ಟರ್ ಪೇಪರ್ ಮೇಲೆ ಹನಿ ಹಾಕಿ ನೋಡುವ ಪರೀಕ್ಷೆ ಪೆಟ್ರೋಲಿಗೆ ಮಾತ್ರ, ಡೀಸೆಲಿಗಲ್ಲ. ಹಾಗೆಯೇ ಇ-20 ಎಥೆನಾಲ್ ಗದ್ದಲವೂ ಪೆಟ್ರೋಲಿನದು. ಆ ಸಂದೇಶ ನೋಡಿ ಡೀಸೆಲ್ ಪಿಕಪ್‌ನವರು ಹೆದರಬೇಕಾಗಿಲ್ಲ.

ಸಂದೇಶ 6: ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಮೈಲೇಜ್

ನಿಜಾಂಶ: ಸುಳ್ಳು. ಡೀಸೆಲ್ ಅಯಸ್ಕಾಂತಕ್ಕೆ ಸ್ಪಂದಿಸಿ ಬದಲಾಗುವ ದ್ರವವಲ್ಲ. ಇಂಧನ ಉಳಿಸುತ್ತೇವೆ ಎನ್ನುವ ನೂರಕ್ಕೂ ಹೆಚ್ಚು ಉಪಕರಣಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದೆ. ಮೈಲೇಜನ್ನು ಗಣನೀಯವಾಗಿ ಹೆಚ್ಚಿಸಿದ್ದು ಒಂದೂ ಸಿಕ್ಕಿಲ್ಲ. ಅದೇ ದುಡ್ಡಿನಲ್ಲಿ ಏರ್ ಫಿಲ್ಟರ್ ಬದಲಿಸಿ, ಟೈರಿಗೆ ಸರಿಯಾದ ಗಾಳಿ ಹಿಡಿಸಿ. ಇವೆರಡೂ ಮೈಲೇಜಿಗೆ ನಿಜವಾಗಿ ನೆರವಾಗುತ್ತವೆ.

ಸಂದೇಶ 7: ಗೊಬ್ಬರದ ಯೂರಿಯಾದಿಂದ ಮನೆಯಲ್ಲೇ ಡಿಇಎಫ್ ಮಾಡಿ

ನಿಜಾಂಶ: ಅಪಾಯಕಾರಿ ಸಲಹೆ. ಕೆಲವು ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡಲು ಡಿಇಎಫ್ ಎಂಬ ದ್ರವ ಹಾಕಬೇಕು. ಅದರಲ್ಲಿ ಶೇ 32.5 ಯೂರಿಯಾ ಇರುವುದು ನಿಜ. ಆದರೆ ಅದು ಅತಿ ಶುದ್ಧ ಯೂರಿಯಾ, ಖನಿಜ ತೆಗೆದ ನೀರು. ನಮ್ಮ ಮನೆಯ ಚೀಲದಲ್ಲಿರುವುದು ಬೇವು ಲೇಪಿತ ಗೊಬ್ಬರ. ಅದನ್ನು ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕರಗಿಸಿ ಹಾಕಿದರೆ ನಾಜಲ್ ಕಟ್ಟಿ, ದುಬಾರಿ ಶುದ್ಧೀಕರಣ ಭಾಗವೇ ಹಾಳಾಗುತ್ತದೆ. ಜೊತೆಗೆ ರಿಯಾಯಿತಿ ಗೊಬ್ಬರವನ್ನು ಬೇಸಾಯ ಬಿಟ್ಟು ಬೇರೆಯದಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಉಲ್ಲಂಘನೆ.

ಇನ್ನೊಂದು ಎಚ್ಚರಿಕೆ: ಡಿಇಎಫ್ ಟ್ಯಾಂಕಿನ ಮುಚ್ಚಳ ಸಾಮಾನ್ಯವಾಗಿ ನೀಲಿ. ಗಡಿಬಿಡಿಯಲ್ಲಿ ಡಿಇಎಫ್ ಅನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀ ಕೂಡ ಆನ್ ಮಾಡಬೇಡಿ. ಗಾಡಿಯನ್ನು ಹಾಗೇ ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಿ. ಪೆಟ್ರೋಲ್ ತಪ್ಪಿ ಹಾಕಿಸಿದರೂ ಇದೇ ನಿಯಮ.

ಶೇಂಗಾ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡುತ್ತದೆಯಂತೆ, ಹೌದಾ?

ಓಡಿದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನನ್ನು ಶೇಂಗಾ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದರು. ಆದರೆ ಅದು ಆ ಕಾಲದ ಎಂಜಿನ್. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಇಂದಿನ ಇಂಜೆಕ್ಟರಿನ ಸಣ್ಣ ರಂಧ್ರದಲ್ಲಿ ಅದು ಮಂಜಾಗುವುದಿಲ್ಲ, ಒಳಗೆ ಅಂಟು ಕಟ್ಟುತ್ತದೆ. ಹೊಂಗೆ ಎಣ್ಣೆಯಿಂದ ಮಾಡುವ ಬಯೋಡೀಸೆಲ್ ಬೇರೆ. ಅದನ್ನು ರಾಸಾಯನಿಕವಾಗಿ ತೆಳುಗೊಳಿಸಿರುತ್ತಾರೆ, ಮಾನಕದ ಮಿತಿಯೊಳಗೆ ಮಾತ್ರ ಬೆರೆಸುತ್ತಾರೆ. ಗಾಣದ ಎಣ್ಣೆಯನ್ನು ನೇರ ಟ್ಯಾಂಕಿಗೆ ಸುರಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದನ್ನು ಮಾತ್ರ ತಪ್ಪದೇ ಓದಿ: ನಟ್ ಸಡಿಲಿಸುವುದು, ಬಾಯಲ್ಲಿ ಎಳೆಯುವುದು

ಈವರೆಗಿನ ಸಂದೇಶಗಳಿಂದ ಹೋಗುವುದು ದುಡ್ಡು. ಇವೆರಡರಿಂದ ಹೋಗುವುದು ಕೈ, ಶ್ವಾಸಕೋಶ.

ಕಾಮನ್ ರೇಲ್ ಎಂಜಿನ್ ಓಡುತ್ತಿರುವಾಗ ಅಥವಾ ಸೆಲ್ಫ್ ಹೊಡೆಯುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಬಾರದು. ಎಲ್ಲಿ ಸೋರುತ್ತಿದೆ ಎಂದು ಬೆರಳಿನಿಂದ ಸವರಿ ನೋಡಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯೂ ಕೈಗವಸನ್ನು, ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಮೋಸ ಮಾಡುವುದು ಗಾಯದ ರೂಪ. ಹೊರಗೆ ಬರೀ ಸೂಜಿ ಚುಚ್ಚಿದಂಥ ಚುಕ್ಕೆ, ನೋವೂ ಮೊದಲಿಗೆ ಕಡಿಮೆ. ಒಳಗೆ ಡೀಸೆಲ್ ಬೆರಳಿನ ಸ್ನಾಯುಗಳ ಉದ್ದಕ್ಕೂ ಹರಡಿ ಮಾಂಸವನ್ನು ಕೊಲ್ಲುತ್ತಾ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು ಕತ್ತರಿಸಬೇಕಾಗಬಹುದು. ಆದ್ದರಿಂದ ಅರಿಶಿನ ಹಚ್ಚಿ ಬಟ್ಟೆ ಸುತ್ತಿ ಮನೆಗೆ ಹೋಗಬೇಡಿ. ಬರೀ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಸುಮ್ಮನಾಗಬೇಡಿ. 'ಹೈ ಪ್ರೆಶರ್ ಡೀಸೆಲ್ ಕೈಯೊಳಗೆ ಹೋಗಿದೆ' ಎಂದು ಸ್ಪಷ್ಟವಾಗಿ ಹೇಳಿ, ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ. 108ಕ್ಕೆ ಕರೆ ಮಾಡಿ.

ಸೋರಿಕೆ ಹುಡುಕಬೇಕಾದರೆ ಮುಖ ದೂರವಿಟ್ಟು ಉದ್ದದ ರಟ್ಟಿನ ತುಂಡು ಹಿಡಿಯಿರಿ, ರಟ್ಟು ಒದ್ದೆಯಾದರೆ ಜಾಗ ತಿಳಿಯುತ್ತದೆ. ರಿಪೇರಿಗೆ ಮುನ್ನ ಎಂಜಿನ್ ನಿಲ್ಲಿಸಿ, ಮ್ಯಾನ್ಯುವಲ್ ಹೇಳಿದಷ್ಟು ಹೊತ್ತು ಕಾಯಿರಿ.

ಎರಡನೆಯದು, ಪೈಪನ್ನು ಬಾಯಲ್ಲಿ ಎಳೆದು ಡೀಸೆಲ್ ತೆಗೆಯುವುದು. ಒಂದು ಗುಟುಕು ತಪ್ಪಿ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾದಂಥ ತೀವ್ರ ತೊಂದರೆಯಾಗುತ್ತದೆ. ಯಾರಾದರೂ ಡೀಸೆಲ್ ನುಂಗಿದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ತೆಗೆಯಲೇಬೇಕಿದ್ದರೆ ಅಂಗಡಿಯಲ್ಲಿ ಸಿಗುವ ಕೈ ಪಂಪ್ ಬಳಸಿ.

ಹಾಗಾದರೆ ನಾವು ಮಾಡಬೇಕಾದದ್ದೇನು?

* ನೀರು ಇಳಿಸುವುದು: ಫಿಲ್ಟರಿನ ಕೆಳಗೆ ನೀರು ಇಳಿಸುವ ತಿರುಪು ಇರುತ್ತದೆ. ಎಂಜಿನ್ ಆಫ್ ಮಾಡಿ, ಕೆಳಗೆ ಗಾಜಿನ ಲೋಟ ಹಿಡಿದು, ತಿರುಪು ಸಡಿಲಿಸಿ. ಡೀಸೆಲ್ ನೀರಿಗಿಂತ ಹಗುರ, ಆದ್ದರಿಂದ ಲೋಟದ ತಳದಲ್ಲಿ ನೀರು ಬೇರೆಯಾಗಿ ಕಾಣುತ್ತದೆ. ಬರೀ ಡೀಸೆಲ್ ಬರತೊಡಗಿದ ಮೇಲೆ ಬಿಗಿ ಮಾಡಿ, ಕೈ ಪ್ರೈಮರ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ, ನಂತರ ಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಹೊತ್ತಿದರೆ 'ಊರಿಗೆ ಹೋಗಿ ನೋಡೋಣ' ಎನ್ನಬೇಡಿ.

* ಫಿಲ್ಟರ್ ಬದಲಾವಣೆ: ಮ್ಯಾನ್ಯುವಲ್‌ನಲ್ಲಿ ಹೇಳಿದ ಕಿ.ಮೀ.ಗೆ ಕಡ್ಡಾಯ. ಹೊಲದ ದಾರಿ, ಕ್ವಾರಿ ಕೆಲಸ ಹೆಚ್ಚಿದ್ದರೆ ಅದಕ್ಕೂ ಮುನ್ನ. ಹಳೆಯ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ಬೇಡ. ಕಾಮನ್ ರೇಲ್ ಗಾಡಿಯ ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುವುದೂ ಬೇಡ. ಸೋಸದ ಡೀಸೆಲ್ ಶುದ್ಧ ಭಾಗಕ್ಕೇ ಸೇರಿಬಿಡಬಹುದು. ಪ್ರೈಮರ್ ಒತ್ತಿಯೇ ತುಂಬಿಸಿ.

* ಟ್ಯಾಂಕ್ ಪೂರ್ತಿ ಒಣಗಿಸಬೇಡಿ: ತಳದ ಕಸ ಎಳೆಯುತ್ತದೆ ಎನ್ನುವುದು ಮುಖ್ಯ ಕಾರಣವಲ್ಲ, ಪೈಪ್ ಯಾವಾಗಲೂ ತಳದಿಂದಲೇ ಎಳೆಯುವುದು. ಡೀಸೆಲ್ ಮುಗಿದಾಗ ಗಾಳಿ ಸೇರುತ್ತದೆ, ಎಣ್ಣೆಯಿಲ್ಲದೆ ಪಂಪ್ ಒಣ ಉಜ್ಜುತ್ತದೆ.

* ಡ್ರಮ್ಮಿನ ಡೀಸೆಲ್ ಹಾಕಲೇಬೇಕಾದರೆ: ಒಂದು ರಾತ್ರಿ ಅಲುಗಾಡಿಸದೆ ಬಿಡಿ, ಮೇಲಿನದನ್ನು ಮಾತ್ರ ಸಣ್ಣ ಜಾಲರಿಯ ಮೂಲಕ ಹಾಕಿ, ತಳದ ನಾಲ್ಕು ಬೆರಳಿನಷ್ಟನ್ನು ಬಿಡಿ.

* ಹೊಗೆ ಗಮನಿಸಿ: ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು, ಮೊದಲು ಏರ್ ಫಿಲ್ಟರ್ ನೋಡಿಸಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಕೂಲಂಟ್ ಒಳಗೆ ಬರುತ್ತಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ಅಪ್‌ಗ್ರೇಡ್ ಮಾಡಿಸಬಹುದಾ?

'ಚಿಪ್ ಹಾಕಿಸಿ ಪಿಕಪ್ ಹೆಚ್ಚಿಸಿ', 'ಇಜಿಆರ್ ಬಂದ್ ಮಾಡಿಸಿ' ಎಂಬ ಜಾಹೀರಾತುಗಳು ರೀಲ್ಸ್‌ಗಳಲ್ಲಿ ಸಾಕಷ್ಟು ಬರುತ್ತಿವೆ. ಚಿಪ್ ಮಾಡುವುದು ಹೆಚ್ಚು ಡೀಸೆಲ್ ಸುರಿಸುವ ಕೆಲಸ. ಶಕ್ತಿ ಸ್ವಲ್ಪ ಬರಬಹುದು. ಅದರ ಜೊತೆಗೆ ಬಿಸಿ, ಮಸಿ, ಕ್ಲಚ್ ಮತ್ತು ಗೇರ್‌ಬಾಕ್ಸಿನ ಮೇಲಿನ ಭಾರವೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆ ಕೇಳಲು ಹೋದರೆ ಇದೇ ಮಾರ್ಪಾಡು ಎದುರು ನಿಲ್ಲುತ್ತದೆ.

ದುಡ್ಡು ಖರ್ಚು ಮಾಡುವುದಾದರೆ ಬೇರೆ ದಾರಿಗಳಿವೆ. ಸರಿಯಾದ ಬಿಲ್ ಇರುವ ಅಸಲಿ ಫಿಲ್ಟರ್. ಹೊಸ ಟ್ಯಾಂಕ್ ಮುಚ್ಚಳ. ಬಿರುಕು ಬಿಟ್ಟ ರಬ್ಬರ್ ಪೈಪುಗಳ ಬದಲಾವಣೆ. ನಿಮ್ಮ ಮಾಡೆಲ್‌ಗೆ ಕಂಪನಿ ಒಪ್ಪಿದ ನೀರು ಬೇರ್ಪಡಿಸುವ ಹೆಚ್ಚುವರಿ ಫಿಲ್ಟರ್ ಇದ್ದರೆ ಅಧಿಕೃತ ಸರ್ವಿಸ್‌ನಲ್ಲಿ ಅದು. ಇಂಜೆಕ್ಟರ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಟೆಸ್ಟ್ ಬೆಂಚ್ ಮೇಲೆ ಪರೀಕ್ಷೆ ಮಾಡಿಸಿ, ವರದಿ ಕೈಗೆ ತೆಗೆದುಕೊಳ್ಳಿ. ಎಷ್ಟೋ ಸಲ ನಾಲ್ಕರಲ್ಲಿ ಒಂದೇ ಕೆಟ್ಟಿರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಡೀಸೆಲ್ ಗಾಡಿ ಬಗ್ಗೆ ಸಲಹೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ಎಂಜಿನ್‌ಗೆ, ಹಳೆಯ ಮೆಕಾನಿಕಲ್ ಪಂಪಿಗೋ ಕಾಮನ್ ರೇಲ್‌ಗೋ? ನನ್ನ ಗಾಡಿಯ ಮ್ಯಾನ್ಯುವಲ್‌ನಲ್ಲಿ ಹೀಗಿದೆಯೇ? ತಪ್ಪಾದರೆ ಹೋಗುವುದು ಏನು? ಮೂರನೆಯದಕ್ಕೆ ಉತ್ತರ 'ಕೈ' ಎಂದಾದರೆ ಆ ವಿಡಿಯೋವನ್ನು ಮುಂದೆ ಕಳಿಸಬೇಡಿ.

ಮಾವನ ಗಾಡಿ ಅಂದು ಸಂಜೆಯೊಳಗೆ ಮಾರುಕಟ್ಟೆ ತಲುಪಿತು. ಹೆಸರೂ ಹೇಳದೆ ಹೋದ ಆ ಡ್ರೈವರ್ ಕೊಟ್ಟ ಸಲಹೆ ಯಾವ ಗ್ರೂಪಿನಲ್ಲೂ ಬಂದಿರಲಿಲ್ಲ. ಈಗ ಅದು ಇಲ್ಲಿದೆ. ಪಿಕಪ್ ಓಡಿಸುವ ನಿಮ್ಮವರಿಗೆ ಇದನ್ನು ಕಳಿಸಿ.